ಹಳೆ ಮನೆ ಉಳಿಸಿಕೊಂಡು ಬಂದವರು ನಾವು, ಗೆರೆ ಎಳೆಯುವ ಮೊದಲು ನಮ್ಮನ್ನು ಕೇಳಿ

ಮಾನ್ಯ ಸಂಪಾದಕರೇ,

ಮೈಸೂರಿನ ಚಾಮರಾಜಪುರಂ ಮತ್ತು ಸುತ್ತಲಿನ ಹಳೆ ಬೀದಿಗಳನ್ನು ಪಾರಂಪರಿಕ ವಲಯ ಎಂದು ಘೋಷಿಸುವ ಪ್ರಸ್ತಾವದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಓದುಗರ ಹಲವು ಪತ್ರಗಳು ಬಂದಿವೆ. ಹೆಚ್ಚಿನವರು ಸ್ವಾಗತಿಸಿದ್ದಾರೆ. ಆದರೆ ಆ ವಲಯದ ಒಳಗೇ ಮನೆ ಇರುವವರು ಬರೆದ ಪತ್ರ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಬೀದಿಯವರು ಜಗುಲಿಯಲ್ಲಿ ನಿಂತು ಮಾತಾಡುತ್ತಾರೆ, ಪೇಪರಿಗೆ ಬರೆಯುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಈ ಪ್ರಸ್ತಾವ ಈಗಿರುವ ರೂಪದಲ್ಲಿ ಬರಬಾರದು ಎಂಬುದು ನನ್ನ ಅಭಿಪ್ರಾಯ. ನಮ್ಮ ಬೀದಿಯ ಹೆಚ್ಚಿನ ಮನೆಯವರ ಅಭಿಪ್ರಾಯವೂ ಅದೇ.

ನಮ್ಮ ಮನೆ ಚಾಮರಾಜಪುರಂನಲ್ಲಿದೆ. ಸ್ಟೇಷನ್ನಿಗೆ ರೈಲು ಬಂದರೆ ಅಡುಗೆಮನೆಗೆ ಕೇಳಿಸುತ್ತದೆ. ನಮ್ಮ ಯಜಮಾನರ ತಾತ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. 1930ರ ದಶಕದಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆ ಇದು. ಮುಂದೆ ಜಗುಲಿ, ಅದರ ಮೇಲೆ ಮಂಗಳೂರು ಹೆಂಚು, ಕಿಟಕಿಗಳ ಮೇಲೆ ಮರದ ಪಟ್ಟಿಯ ಮಂಕಿ ಟಾಪ್. ಒಳಗೆ ಹಜಾರ, ಎರಡು ಕೋಣೆ, ಕತ್ತಲೆಯ ದೇವರ ಮನೆ, ಮೇಲೆ ಮದ್ರಾಸ್ ತಾರಸಿ. ಹಿತ್ತಲಲ್ಲಿ ಬಾವಿ, ಬಚ್ಚಲು. ದಸರಾ ಬಂದರೆ ಪಾರಂಪರಿಕ ನಡಿಗೆಯವರು ಗೇಟಿನ ಮುಂದೆ ನಿಂತು ಫೋಟೊ ತೆಗೆಯುತ್ತಾರೆ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಹುಡುಗ ಹುಡುಗಿಯರು ಜಗುಲಿಯಲ್ಲಿ ಕೂತುಕೊಳ್ಳಲು ಅನುಮತಿ ಕೇಳುತ್ತಾರೆ. ನಾನು ಯಾರಿಗೂ ಬೇಡ ಎಂದಿಲ್ಲ. ಈ ಮನೆಯ ಮೇಲೆ ನನಗೆ ಅಷ್ಟು ಪ್ರೀತಿ, ಅಷ್ಟು ಹೆಮ್ಮೆ ಇದೆ.

ಹಾಗಾದರೆ ವಿರೋಧ ಏಕೆ ಎಂದು ಕೇಳಬಹುದು. ಮನೆಯನ್ನು ಉಳಿಸಿಕೊಂಡು ಬಂದವರಿಗೇ ಈ ಪ್ರಸ್ತಾವ ಶಿಕ್ಷೆ ಕೊಡುತ್ತದೆ. ವಿರೋಧಕ್ಕೆ ಅದೇ ಕಾರಣ.

ನಮ್ಮ ಬೀದಿಯನ್ನೇ ನೋಡಿ. ನಾನು ಮದುವೆಯಾಗಿ ಬಂದಾಗ ಎರಡೂ ಸಾಲಿನಲ್ಲಿ ಹೆಂಚಿನ ಮನೆಗಳೇ ಇದ್ದವು. ಆಮೇಲೆ ಒಂದೊಂದಾಗಿ ಹೋದವು. ಕೆಲವರು ಪಾಲು ಹಂಚಿಕೊಂಡು ಮಾರಿದರು. ಕೆಲವರ ಮಕ್ಕಳು ಅಮೆರಿಕದಲ್ಲಿ ನೆಲೆಸಿದರು, ಮನೆ ನೋಡಿಕೊಳ್ಳುವವರು ಇರಲಿಲ್ಲ. ಅಲ್ಲೆಲ್ಲ ಈಗ ಅಪಾರ್ಟ್‌ಮೆಂಟ್, ಪಿ.ಜಿ., ಡಯಾಗ್ನೋಸ್ಟಿಕ್ ಸೆಂಟರ್ ಎದ್ದಿವೆ. ಅವರು ತಪ್ಪು ಮಾಡಿದರು ಎಂದು ನಾನು ಹೇಳುವುದಿಲ್ಲ, ಅದು ಅವರವರ ಮನೆ, ಅವರವರ ಕಷ್ಟ. ಆದರೆ ಒಡೆದು ಕಟ್ಟಿದವರಿಗೆ ಈ ಪ್ರಸ್ತಾವದಿಂದ ಯಾವ ತೊಂದರೆಯೂ ಇಲ್ಲ. ಅವರ ಕಟ್ಟಡ ಆಗಲೇ ಎದ್ದು ನಿಂತಿದೆ, ಬಾಡಿಗೆ ಬರುತ್ತಿದೆ. ನಾವು ಒಡೆಯಲಿಲ್ಲ. ಬಿಲ್ಡರುಗಳು ಬಂದು ಕೇಳಿದಾಗಲೆಲ್ಲ ಕಾಫಿ ಕೊಟ್ಟು ಕಳಿಸಿದೆವು. ಈಗ ಕಿಟಕಿ ಬದಲಾಯಿಸಲು, ಹೆಂಚು ತೆಗೆಯಲು, ಮೇಲೊಂದು ಕೋಣೆ ಕಟ್ಟಲು, ಹೊರಗೋಡೆಗೆ ಬಣ್ಣ ಹೊಡೆಯಲು ಸಹ ನಾವು ಒಂದು ಸಮಿತಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಇದು ಯಾವ ನ್ಯಾಯ?

ಇನ್ನೊಂದು ಅಪಾಯವನ್ನೂ ಪ್ರಸ್ತಾವ ಮಾಡಿದವರು ಯೋಚಿಸಿದಂತೆ ಕಾಣುವುದಿಲ್ಲ. ವಲಯ ಬರುತ್ತದಂತೆ ಎಂಬ ಸುದ್ದಿ ಹಬ್ಬಿದ ಮೇಲೆ ನಮ್ಮ ಹಿಂದಿನ ರಸ್ತೆಯ ಒಂದು ಕುಟುಂಬ ಮನೆ ಒಡೆಸಲು ಮೇಸ್ತ್ರಿಯನ್ನು ಕರೆಸಿತು. ಅವರಿಗೆ ಮನೆ ಒಡೆಯುವ ಆಸೆ ಇರಲಿಲ್ಲ. ಘೋಷಣೆ ಆದಮೇಲೆ ಏನೂ ಮಾಡಲಾಗುವುದಿಲ್ಲ, ಮಾಡುವುದಿದ್ದರೆ ಈಗಲೇ ಎಂಬ ಹೆದರಿಕೆ. ಇನ್ನೂ ಇಪ್ಪತ್ತು ವರ್ಷ ನಿಲ್ಲುತ್ತಿದ್ದ ಮನೆ ಒಂದು ಕರಡು ನಿಯಮದ ಭಯಕ್ಕೆ ನೆಲಕ್ಕೆ ಬಿದ್ದರೆ ಪರಂಪರೆ ಉಳಿದ ಹಾಗಾಯಿತೇ?

ಹಳೆ ಮನೆ ಇಟ್ಟುಕೊಳ್ಳುವುದು ಎಂದರೆ ಏನು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೀದಿಯಲ್ಲಿ ನಿಂತು ನೋಡುವವರಿಗೆ ಇದು ಗೊತ್ತಾಗುವುದಿಲ್ಲ.

ಮದ್ರಾಸ್ ತಾರಸಿ ಎಂದರೆ ಮರದ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕೂರಿಸಿದ ಚಾವಣಿ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ದಿನಗಟ್ಟಲೆ ಬಡಿಯುತ್ತಿದ್ದರು. ಬೇಸಿಗೆಯಲ್ಲಿ ಕೆಳಗೆ ತಂಪು. ಆದರೆ ಒಂದು ಕಡೆ ನೀರು ಇಳಿದರೆ ಜಂತಿಯ ತಲೆ ಗೋಡೆಯೊಳಗೇ ಕೊಳೆಯುತ್ತದೆ, ಹೊರಗೆ ಕಾಣಿಸುವುದಿಲ್ಲ. ಗೆದ್ದಲು ಹಿಡಿದರೆ ಇನ್ನೂ ಕಷ್ಟ. ನಮ್ಮ ಹಜಾರದಲ್ಲಿ ಹಾಗೆ ಆಯಿತು. ಒಂದು ಮಳೆಗಾಲದಲ್ಲಿ ಚಾವಣಿಯಿಂದ ಗಾರೆ ಉದುರಲು ಶುರುವಾಯಿತು. ಬಂದ ಕಂಟ್ರಾಕ್ಟರ್ ಮೇಲೆ ಸಿಮೆಂಟ್ ಎಳೆದರೆ ಸರಿಹೋಗುತ್ತದೆ ಎಂದ. ಹಳೆ ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಹೊರಗೆ ಹೋಗಲು ದಾರಿ ಸಿಗುವುದಿಲ್ಲ, ಒಳಗೇ ಕೂತು ಗೋಡೆ ತಿನ್ನುತ್ತದೆ. ಇದು ನಮ್ಮ ಮಾವನವರಿಗೆ ಗೊತ್ತಿತ್ತು, ನಮಗೆ ಹೇಳಿಕೊಟ್ಟಿದ್ದರು. ಹಾಗಾಗಿ ಗಾರೆ ಕೆಲಸ ಬಲ್ಲವರನ್ನು ಹುಡುಕಿದೆವು.

ಅವರು ಸುಲಭಕ್ಕೆ ಸಿಗುವುದಿಲ್ಲ. ಸುಣ್ಣ ನೆನೆಹಾಕಿ ವಾರಗಟ್ಟಲೆ ಬಿಡಬೇಕು, ಮರಳು ಸೇರಿಸಿ ಅರೆಯಬೇಕು, ಅಳಲೆಕಾಯಿ, ಬೆಲ್ಲದ ನೀರು ಹಾಕಬೇಕು. ಇದೆಲ್ಲ ಬಲ್ಲ ವಯಸ್ಸಾದ ಮೇಸ್ತ್ರಿಯೊಬ್ಬರು ಕೊನೆಗೆ ಸಿಕ್ಕರು. ಅವರ ಮಕ್ಕಳು ಯಾರೂ ಆ ಕೆಲಸ ಕಲಿತಿಲ್ಲ. ಕಾಂಕ್ರೀಟ್ ಕೆಲಸಕ್ಕೆ ದಿನದ ಕೂಲಿ ಗ್ಯಾರಂಟಿ ಇರುವಾಗ ಯಾರು ತಾನೇ ಕಲಿಯುತ್ತಾರೆ? ಹೆಂಚಿನ ಕಥೆಯೂ ಇದೇ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಶುರು ಮಾಡಿದ ಹೆಂಚಿನ ಕಾರ್ಖಾನೆ ನೋಡಿ ಆಮೇಲೆ ಎಷ್ಟೋ ಕಾರ್ಖಾನೆಗಳು ಎದ್ದವು. ಈಗ ಅವುಗಳಲ್ಲಿ ಹೆಚ್ಚಿನವು ಮುಚ್ಚಿವೆ. ನಮ್ಮ ಹೆಂಚಿನ ಅಳತೆಗೆ ಹೊಂದುವ ಹೆಂಚು ಬೇಕಾದರೆ ಒಡೆದ ಮನೆಗಳ ಸಾಮಾನು ಮಾರುವ ಕಡೆ ಹುಡುಕಬೇಕು. ಕಪಿಗಳು ಬಂದು ಹೋದ ದಿನ ಜಗುಲಿಯಲ್ಲಿ ಎಷ್ಟು ಹೆಂಚು ಚೂರಾಗಿದೆ ಎಂದು ಎಣಿಸುವುದೇ ಮೊದಲ ಕೆಲಸ.

ಆ ಚಾವಣಿ ದುರಸ್ತಿಗೆ ನಮ್ಮ ಯಜಮಾನರ ನಿವೃತ್ತಿಯ ಹಣದಲ್ಲಿ ದೊಡ್ಡ ಭಾಗ ಹೋಯಿತು. ಸರ್ಕಾರದಿಂದ ಒಂದು ರೂಪಾಯಿ ಬರಲಿಲ್ಲ, ನಾವು ಕೇಳಲೂ ಇಲ್ಲ. ನಮ್ಮ ಮನೆ, ನಾವು ಮಾಡಿಸಿದೆವು. ಆದರೆ ನಾಳೆಯಿಂದ ಹೀಗೇ ಮಾಡಿಸಬೇಕು ಎಂದು ಕಾನೂನು ಹೇಳುವುದಾದರೆ, ಇದು ಊರಿನ ಸ್ವತ್ತು ಎನ್ನುವುದಾದರೆ, ಖರ್ಚಿನಲ್ಲಿ ಊರಿಗೂ ಪಾಲು ಇರಬೇಕಲ್ವಾ? ಕರಡಿನಲ್ಲಿ ಏನೇನು ಮಾಡಬಾರದು ಎಂಬುದು ಪುಟಗಟ್ಟಲೆ ಇದೆ. ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದು ಸಾಲು ಇದೆ. "ಸಂಪನ್ಮೂಲ ಲಭ್ಯತೆಗೆ ಅನುಗುಣವಾಗಿ" ನೆರವು ಪರಿಶೀಲಿಸುತ್ತಾರಂತೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೊಡುವ ಉದ್ದೇಶ ಇದ್ದರೆ ಮೊತ್ತ ಬರೆಯುತ್ತಾರೆ, ಯಾವ ಖಾತೆಯಿಂದ ಎಂದು ಬರೆಯುತ್ತಾರೆ.

ಬ್ಯಾಂಕಿನ ಮಾತು ಬಂದಿತು, ಅದನ್ನೂ ಹೇಳುತ್ತೇನೆ. ಗೃಹಸಾಲದ ಕಡತಗಳು ನನ್ನ ಮೇಜಿನ ಮೇಲೆ ವರ್ಷಗಟ್ಟಲೆ ಹಾದುಹೋಗಿವೆ. ಆಸ್ತಿಯ ಮೇಲೆ ಯಾವುದಾದರೂ ನಿರ್ಬಂಧ ಇದೆ ಎಂದರೆ ಬ್ಯಾಂಕಿನ ವಕೀಲರು ಮೊದಲು ಅದರ ಮೇಲೆ ಬೆರಳಿಡುತ್ತಾರೆ. ಬೆಲೆ ಕಟ್ಟುವ ಎಂಜಿನಿಯರ್ ಬೆಲೆ ತಗ್ಗಿಸುತ್ತಾರೆ. ಹಳೆ ಮನೆಗೆ ಎಂದು ಹೇಗೂ ಸಾಲ ಕಡಿಮೆ, ಅವರು ಜಾಗ ನೋಡಿಯೇ ಕೊಡುವುದು. ಆ ಜಾಗದಲ್ಲಿ ಮತ್ತೇನೂ ಕಟ್ಟಲಾಗುವುದಿಲ್ಲ ಎಂದಾದರೆ ಆ ಬೆಲೆಯೂ ಇಳಿಯುತ್ತದೆ. ಮಗಳ ಮದುವೆಗೆ, ಮಗನ ಓದಿಗೆ, ಆಸ್ಪತ್ರೆ ಖರ್ಚಿಗೆ ಮಧ್ಯಮ ವರ್ಗದವರ ಕೈಯಲ್ಲಿ ಇರುವುದು ಈ ಮನೆ ಒಂದೇ. ಅದರ ಬೆಲೆಯನ್ನು ಒಂದು ಅಧಿಸೂಚನೆಯಿಂದ ಇಳಿಸುವಾಗ ಮಾಲೀಕರನ್ನು ಕೂರಿಸಿ ಮಾತಾಡುವ ಸೌಜನ್ಯ ಬೇಕು. 1978ರ 44ನೇ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿಯಲಿಲ್ಲ, ನಿಜ. ಆದರೆ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳಬಾರದು ಎಂದು ಸಂವಿಧಾನದ 300ಎ ವಿಧಿ ಈಗಲೂ ಹೇಳುತ್ತದೆ. ಮನೆಯನ್ನು ಕಿತ್ತುಕೊಳ್ಳುತ್ತಿಲ್ಲವಲ್ಲ ಎನ್ನಬಹುದು. ಮನೆ ನಮ್ಮ ಹೆಸರಿನಲ್ಲೇ ಇದ್ದು, ಕಂದಾಯವನ್ನೂ ನಾವೇ ಕಟ್ಟುತ್ತಾ, ಅದರಲ್ಲಿ ಏನು ಮಾಡಬೇಕೆಂಬ ತೀರ್ಮಾನ ಮಾತ್ರ ಬೇರೆಯವರದ್ದಾದರೆ ನಮ್ಮ ಕೈಯಲ್ಲಿ ಉಳಿಯುವುದೇನು?

ಶ್ರೀರಂಗಪಟ್ಟಣದ ಅನುಭವ ನಮ್ಮ ಕಣ್ಣ ಮುಂದೆಯೇ ಇದೆ. ನನ್ನ ತಂಗಿಯನ್ನು ಅಲ್ಲಿಗೆ ಕೊಟ್ಟಿದೆ. ಅವರ ಮನೆ ಕೋಟೆಯ ಒಳಗಿದೆ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಗೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ, ಸೆರೆಮನೆಗಳು, ಕೋಟೆ ಗೋಡೆ ಎಲ್ಲ ಹತ್ತಿರ ಹತ್ತಿರ ಇವೆ. ಪ್ರತಿಯೊಂದರ ಸುತ್ತ 100 ಮೀಟರ್ ಅಳೆದರೆ ಜನ ವಾಸಿಸುವ ಎಷ್ಟು ಬೀದಿ ಅದರೊಳಗೆ ಸಿಗುತ್ತವೆ ಎಂದು ಯಾರು ಬೇಕಾದರೂ ಹೋಗಿ ನೋಡಬಹುದು. ದುರಸ್ತಿಗೆ ಅವಕಾಶ ಇದೆ, ಅದಕ್ಕೂ ಅನುಮತಿ ಬೇಕು. ತಂಗಿಯ ಮನೆಯ ಹಿಂಬದಿ ಗೋಡೆ ಬಿರುಕು ಬಿಟ್ಟಾಗ ಅರ್ಜಿ ಹಾಕಿದರು. ಫೋಟೊ, ನಕ್ಷೆ, ಅಳತೆ, ಮತ್ತೊಂದು ಫೋಟೊ. ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮಳೆಗಾಲ ಬಂದು ಹೋಯಿತು. ಆ ಕೋಣೆಯಲ್ಲಿ ಯಾರೂ ಮಲಗದ ಹಾಗೆ ಬೀಗ ಹಾಕಿಕೊಂಡಿದ್ದರು.

ಟಿಪ್ಪುವಿನ ಕಾಲದ ಕೋಟೆಗೂ ನಮ್ಮ ಮನೆಗಳಿಗೂ ಹೋಲಿಕೆ ಇಲ್ಲ, ಇಲ್ಲಿ ಬರುತ್ತಿರುವುದು ಆ ಕಾನೂನೂ ಅಲ್ಲ, ನನಗೆ ಗೊತ್ತು. ಆದರೆ ಅನುಮತಿ ಎಂಬ ಪದ್ಧತಿ ನಮ್ಮಲ್ಲಿ ಹೇಗೆ ನಡೆಯುತ್ತದೆ ಎಂಬುದು ಎರಡೂ ಊರಿನಲ್ಲಿ ಒಂದೇ. ಕರಡಿನಲ್ಲಿ ಸಮಿತಿ ಇಷ್ಟು ದಿನದಲ್ಲಿ ಉತ್ತರ ಕೊಡಬೇಕು ಎಂಬ ಗಡುವು ಇಲ್ಲ. ಸೋರುವ ಚಾವಣಿ ಸಮಿತಿಯ ಸಭೆ ಸೇರುವ ತನಕ ಕಾಯುವುದಿಲ್ಲ.

ನಮ್ಮ ಅತ್ತೆಯವರಿಗೆ ಈಗ ಎಂಬತ್ತು ದಾಟಿದೆ. ಮೊನ್ನೆ ಮೊನ್ನೆಯವರೆಗೂ ಹಿತ್ತಲಿನ ಬಚ್ಚಲಿಗೆ ಎರಡು ಮೆಟ್ಟಿಲು ಇಳಿದು ಹೋಗುತ್ತಿದ್ದರು. ಸೊಂಟದ ಮೂಳೆ ಮುರಿದ ಮೇಲೆ ಅದು ಆಗುತ್ತಿಲ್ಲ. ಕೋಣೆಗೆ ತಾಗಿದ ಹಾಗೆ ಒಂದು ಸಣ್ಣ ಬಚ್ಚಲು, ಪಾಶ್ಚಾತ್ಯ ಮಾದರಿ ಕಮೋಡ್ ಮಾಡಿಸಬೇಕು. ಜಗುಲಿಯ ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆ ಇಳಿಜಾರು ಮಾಡಿಸಬೇಕು. ಬಚ್ಚಲಿನ ಗೋಡೆ ಪಕ್ಕದ ಓಣಿಗೆ ಕಾಣುತ್ತದೆ, ಇಳಿಜಾರು ಬೀದಿಗೆ ಕಾಣುತ್ತದೆ. ಎರಡೂ ಹೊರರೂಪದ ಬದಲಾವಣೆ, ಎರಡಕ್ಕೂ ಸಮಿತಿಯ ಒಪ್ಪಿಗೆ ಬೇಕು. ನಮ್ಮ ಅತ್ತೆ ಈ ಮನೆಯ ನೆಲವನ್ನು ಅರವತ್ತು ವರ್ಷ ಸಾರಿಸಿ ಒರೆಸಿದವರು. ಅವರ ಬಚ್ಚಲು ಎಲ್ಲಿರಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ವಾಸ್ತುಶಿಲ್ಪಿಗಳು ಇರುತ್ತಾರೆ, ಇತಿಹಾಸ ಬಲ್ಲವರು ಇರುತ್ತಾರೆ, ಅಧಿಕಾರಿಗಳು ಇರುತ್ತಾರೆ. ಬಡಾವಣೆಯ ನಿವಾಸಿ ಒಬ್ಬರೂ ಇಲ್ಲ.

ಈ ಮನೆ ಎಂದೂ ಒಂದೇ ಹಾಗೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಈಗಿನ ಕೆಂಪು ನೆಲ ಮೊದಲು ಇರಲಿಲ್ಲ, ನಮ್ಮ ಮಾವನವರು ಹಾಕಿಸಿದ್ದು. ಜಗುಲಿಯ ಅರ್ಧಕ್ಕೆ ಗೋಡೆ ಎಬ್ಬಿಸಿ ಕಾಲೇಜು ಹುಡುಗರಿಗೆ ಬಾಡಿಗೆ ಕೊಡುವ ಕೋಣೆ ಮಾಡಿದವರೂ ಅವರೇ. ಆ ಬಾಡಿಗೆಯಲ್ಲೇ ನಮ್ಮ ಮೈದುನ ಓದಿದ್ದು. ಸೌದೆ ಒಲೆ ಹೋಗಿ ಗ್ಯಾಸ್ ಬಂದಾಗ ಅಡುಗೆಮನೆಯ ಹೊಗೆಗೂಡು ಮುಚ್ಚಿತು. ಆಮೇಲೆ ಸಂಪು ಬಂತು, ತಾರಸಿಯ ಮೇಲೆ ಟ್ಯಾಂಕ್ ಬಂತು. ಒಂದೊಂದು ತಲೆಮಾರು ತನಗೆ ಬೇಕಾದ ಹಾಗೆ ಮಾಡಿಕೊಂಡಿತು, ಹಾಗಾಗಿಯೇ ಯಾರಿಗೂ ಇದನ್ನು ಒಡೆಯಬೇಕು ಎನ್ನಿಸಲಿಲ್ಲ. ಇದರಲ್ಲಿ ಯಾವ ವರ್ಷದ ಮನೆಯನ್ನು ಉಳಿಸುತ್ತಾರೆ? ಮಾವನವರು ಎಬ್ಬಿಸಿದ ಗೋಡೆ ಪರಂಪರೆಯೋ, ಅಕ್ರಮವೋ? ಪ್ರಸ್ತಾವದ ವಿಷಯ ತಿಳಿಸಲು ಕರೆದಿದ್ದ ಸಭೆಯಲ್ಲಿ ನಾನು ಕೇಳಿದೆ, ಉತ್ತರ ಬರಲಿಲ್ಲ.

ನಮ್ಮ ಬಡಾವಣೆಗಳು ಹುಟ್ಟಿದ ಕಾಲವನ್ನೇ ನೆನೆಸಿಕೊಳ್ಳಿ. 1898ರಲ್ಲಿ ಮೈಸೂರಿಗೆ ಪ್ಲೇಗ್ ಬಂತು. ಕೋಟೆಯ ಒಳಗೆ, ಪೇಟೆಯ ಗಲ್ಲಿಗಳಲ್ಲಿ ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಜನ ಸತ್ತರು. ಅದಾದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಬಂತು. ಇಕ್ಕಟ್ಟಿನ ಮನೆಗಳನ್ನು ತೆರವು ಮಾಡಿಸಿದರು, ಅಗಲ ರಸ್ತೆ, ಒಳಚರಂಡಿ, ಹೊಸ ಬಡಾವಣೆ ಮಾಡಿದರು. ಕೃಷ್ಣಮೂರ್ತಿಪುರಂಗೆ ಆಗಿನ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿಯವರ ಹೆಸರು ಇಟ್ಟಿರುವುದು. ಜನರ ಆರೋಗ್ಯ, ಅನುಕೂಲ ಮುಂದಿಟ್ಟುಕೊಂಡು ಹಳೆಯದನ್ನು ಬದಲಿಸಿದವರು ಕಟ್ಟಿದ ಊರು ಇದು. ಅವರ ಹೆಸರು ಹೇಳಿಕೊಂಡು, ಮುದುಕಿಯೊಬ್ಬಳ ಅನುಕೂಲಕ್ಕೆ ಗೋಡೆ ಸರಿಸಲು ಬಿಡುವುದಿಲ್ಲ ಎಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಕನ್ಸರ್ವೆನ್ಸಿ ಗಲ್ಲಿಗಳ ವಿಷಯ ನನ್ನನ್ನು ತುಂಬ ನೋಯಿಸಿತು. ಕರಡಿನ ನಕ್ಷೆಯಲ್ಲಿ ಮನೆಗಳ ಹಿಂದಿನ ಈ ಕಿರಿದಾದ ಓಣಿಗಳನ್ನೂ ಪಾರಂಪರಿಕ ಅಂಶ ಎಂದು ಸೇರಿಸಿದ್ದಾರೆ, ಅವುಗಳ ಸ್ವರೂಪ ಕೆಡದಂತೆ ನೋಡಿಕೊಳ್ಳಬೇಕಂತೆ. ಆ ಓಣಿ ಏಕೆ ಇದ್ದವು ಎಂಬುದು ಹಳಬರಿಗೆಲ್ಲ ಗೊತ್ತು. ಒಣ ಕಕ್ಕಸಿನ ಹಿಂಬಾಗಿಲು ಆ ಓಣಿಗೆ ತೆರೆಯುತ್ತಿತ್ತು. ಮನುಷ್ಯರ ಮಲವನ್ನು ಮನುಷ್ಯರೇ ಬುಟ್ಟಿಯಲ್ಲಿ, ತಲೆಯ ಮೇಲೆ ಹೊತ್ತು ಆ ದಾರಿಯಲ್ಲಿ ಹೋಗುತ್ತಿದ್ದರು. ಮುಂಬಾಗಿಲಿಗೆ ಅವರು ಬರುವಂತಿರಲಿಲ್ಲ. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು. ಕೇಂದ್ರದ ಕಾಯ್ದೆ 1993ರಲ್ಲಿ, ಮತ್ತೆ 2013ರಲ್ಲಿ ಬಂತು. ನಮ್ಮ ಅತ್ತೆಗೆ ಆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮುಖ ಇನ್ನೂ ನೆನಪಿದೆ, ಹೆಸರು ಗೊತ್ತಿಲ್ಲ. ಅವರ ಹೆಸರು ಕೇಳುವ ಪದ್ಧತಿಯೇ ಇರಲಿಲ್ಲ ಎನ್ನುತ್ತಾರೆ. ಆ ಓಣಿಯ ಇತಿಹಾಸವನ್ನು ಬರೆದಿಡಬೇಕು, ಶಾಲೆಯಲ್ಲಿ ಪಾಠ ಮಾಡಬೇಕು. ಅದರ ಸ್ವರೂಪವನ್ನು ಕಾಪಾಡಬೇಕು ಎಂದು ಬರೆಯುವಾಗ ಅದು ಏನು ಎಂದು ಯಾರನ್ನಾದರೂ ಕೇಳಿದ್ದರೆ ಚೆನ್ನಾಗಿತ್ತು. ಇವತ್ತು ಅಲ್ಲಿ ಚರಂಡಿ ಕಟ್ಟಿಕೊಂಡು ಸೊಳ್ಳೆ ತುಂಬಿದೆ. ನಮಗೆ ಬೇಕಿರುವುದು ಅಲ್ಲೊಂದು ಸರಿಯಾದ ಒಳಚರಂಡಿ, ಬೀದಿದೀಪ.

ಸರ್ಕಾರದ ಕೈಯಲ್ಲಿರುವ ಹಳೆ ಕಟ್ಟಡಗಳ ಸ್ಥಿತಿಯನ್ನು ಮೈಸೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಸತ್ತರು. ಹಳೆ ಪುಸ್ತಕದ ಅಂಗಡಿಗಳಿದ್ದ ಜಾಗ ಅದು, ನಮ್ಮ ಮಕ್ಕಳ ಪಠ್ಯಪುಸ್ತಕ ಅಲ್ಲಿಂದಲೇ ಬರುತ್ತಿತ್ತು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಭಾಗ ಕುಸಿಯಿತು. ಮಾರುಕಟ್ಟೆಯನ್ನು ದುರಸ್ತಿ ಮಾಡಬೇಕೋ ಒಡೆದು ಕಟ್ಟಬೇಕೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ತಜ್ಞರಲ್ಲೇ ಒಮ್ಮತ ಇರಲಿಲ್ಲ. ಪಾರಂಪರಿಕ ಕಟ್ಟಡ ಎಂಬ ಹೆಸರು ಇದ್ದೂ, ಸರ್ಕಾರವೇ ಒಡೆಯನಾಗಿದ್ದೂ ಅವು ಉಳಿಯಲಿಲ್ಲ. ಅದೇ ಕಾಲದಲ್ಲಿ ನಮ್ಮ ಬೀದಿಯ ಹೆಂಚಿನ ಮನೆಗಳು ನಿಂತೇ ಇದ್ದವು. ಒಳಗೆ ಇರುವವರು ಮಳೆ ಬಂದಾಗ ರಾತ್ರಿ ಎದ್ದು ಬಕೆಟ್ ಇಟ್ಟಿದ್ದರಿಂದ, ಬೇಸಿಗೆಯಲ್ಲಿ ಹೆಂಚು ಕೈಯಾಡಿಸಿದ್ದರಿಂದ ನಿಂತವು. ಸರ್ಕಾರ ಮೊದಲು ತನ್ನ ಕಟ್ಟಡಗಳನ್ನು ನೆಟ್ಟಗೆ ಮಾಡಿ ತೋರಿಸಲಿ, ಗಾರೆ ಕೆಲಸದವರಿಗೆ ಅಲ್ಲಿ ಕೆಲಸ ಕೊಡಲಿ, ಹುಡುಗರಿಗೆ ಅಲ್ಲೇ ತರಬೇತಿ ಕೊಡಲಿ. ಆಮೇಲೆ ಆ ಮೇಸ್ತ್ರಿಗಳು ನಮಗೂ ಸಿಗುತ್ತಾರೆ.

ಇದೇ ಊರಿನಲ್ಲಿ ಸರಿಯಾದ ದಾರಿಯೂ ಒಂದು ಸಲ ಕಂಡಿದೆ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಒಡೆಯಲು ಶುರು ಮಾಡಿದಾಗ ಜನ ದನಿ ಎತ್ತಿದರು. ಕೆಲಸ ನಿಂತಿತು. ಅಷ್ಟಕ್ಕೇ ಬಿಟ್ಟಿದ್ದರೆ ಆ ಮನೆ ಅರ್ಧ ಒಡೆದ ಸ್ಥಿತಿಯಲ್ಲೇ ಇರುತ್ತಿತ್ತು. ಪಾಲಿಕೆ ವಾರಸುದಾರರಿಗೆ ಹಣ ಕೊಟ್ಟು ಮನೆ ಕೊಂಡುಕೊಂಡಿತು, ದುರಸ್ತಿ ಮಾಡಿಸಿತು, 2016ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಊರಿಗೆ ಬೇಕು ಎಂದಾಗ ಊರು ಬೆಲೆ ಕೊಟ್ಟಿತು, ಮಾಲೀಕರಿಗೂ ನಷ್ಟ ಆಗಲಿಲ್ಲ. ಎಲ್ಲ ಮನೆಗಳನ್ನೂ ಕೊಂಡುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬೇರೆ ಊರುಗಳು ಬೇರೆ ದಾರಿ ಹುಡುಕಿವೆ. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳ ನಿಯಮ ತಂದಿತು, ಕಟ್ಟಡಗಳನ್ನು ದರ್ಜೆ ಒಂದು, ಎರಡು, ಮೂರು ಎಂದು ವಿಂಗಡಿಸಿತು. ಎಲ್ಲಕ್ಕೂ ಒಂದೇ ಕಟ್ಟಳೆ ಇಲ್ಲ. ಅಹಮದಾಬಾದಿನ ಹಳೆ ನಗರಕ್ಕೆ 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿತು. ಅಲ್ಲಿ ಹಳೆ ಮನೆ ಉಳಿಸಿಕೊಂಡ ಮಾಲೀಕರು ತಾವು ಕಟ್ಟದೆ ಬಿಟ್ಟ ಅಂತಸ್ತುಗಳ ಹಕ್ಕನ್ನು ಬೇರೆಯವರಿಗೆ ಮಾರಬಹುದು, ಟಿಡಿಆರ್ ಎನ್ನುತ್ತಾರಲ್ಲ, ಅದು. ಆ ಹಣ ದುರಸ್ತಿಗೆ ಒದಗುತ್ತದೆ. ನಮ್ಮ ಕರಡಿನಲ್ಲಿ ಮುಂಬೈನ ನಿರ್ಬಂಧದ ಭಾಷೆ ಇದೆ, ಅಹಮದಾಬಾದಿನ ಈ ಅನುಕೂಲ ಇಲ್ಲ.

ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೇ ಪಾರಂಪರಿಕ ಕಟ್ಟಡ ಬೇರೆ, ಪಾರಂಪರಿಕ ಪ್ರದೇಶ ಬೇರೆ ಎಂದು ಎರಡು ವ್ಯಾಖ್ಯೆ ಇವೆ. ಬಡಾವಣೆಗೆಲ್ಲ ಗೆರೆ ಎಳೆಯಬೇಕೆಂಬ ಬಲವಂತ ಏನೂ ಇಲ್ಲ. ಮನೆ ಮನೆಗೆ ಬಂದು ನೋಡಿ, ನಿಜವಾಗಿ ಉಳಿಸಬೇಕಾದ ಮನೆಗಳನ್ನು ಗುರುತಿಸಿ, ಆ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆದು ಪಟ್ಟಿ ಮಾಡಲಿ. ನಮ್ಮ ಮನೆಯನ್ನು ಆ ಪಟ್ಟಿಗೆ ಸೇರಿಸಲು ಕೇಳಿದರೆ ನಾನು ಒಪ್ಪುವವಳೇ. ಆದರೆ ಮನೆಯ ಒಳಗಿನ ವಿಷಯ ನಮಗೇ ಬಿಡಬೇಕು. ಬಚ್ಚಲು, ಇಳಿಜಾರು, ಸೋಲಾರ್, ಸೋರುವ ಚಾವಣಿಯ ದುರಸ್ತಿಗೆ ಅನುಮತಿ ಕೇಳುವ ಹಾಗಿರಬಾರದು. ಬೇರೆ ಅರ್ಜಿಗಳಿಗೆ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ ಆಗಬೇಕು. ಪಟ್ಟಿಗೆ ಸೇರಿದ ಮನೆಗೆ ಕಂದಾಯ ಬಿಡಬೇಕು, ದುರಸ್ತಿ ಖರ್ಚಿನಲ್ಲಿ ಅರ್ಧವನ್ನಾದರೂ ಸರ್ಕಾರ ಭರಿಸಬೇಕು. ಸಮಿತಿಯಲ್ಲಿ ನಿವಾಸಿಗಳು ಇರಬೇಕು, ಹೆಂಗಸರು ಇರಬೇಕು. ಮನೆಯಲ್ಲಿ ಜಾಸ್ತಿ ಹೊತ್ತು ಇರುವವರು, ಎಲ್ಲಿ ಸೋರುತ್ತದೆ ಎಂದು ಬಲ್ಲವರು ನಾವೇ ತಾನೇ?

ಎತ್ತರದ ಕಟ್ಟಡಗಳು ಬಂದು ಬೀದಿ ಹಾಳಾಗುತ್ತಿದೆ ಎಂಬ ಆತಂಕ ನನಗೂ ಇದೆ. ನಮ್ಮ ಪಕ್ಕದ ಸೈಟಿನಲ್ಲಿ ಮಂಜೂರಾದ ನಕ್ಷೆ ಮೀರಿ ಒಂದು ಅಂತಸ್ತು ಹೆಚ್ಚಿಗೆ ಎದ್ದಿದೆ, ಸುತ್ತ ಬಿಡಬೇಕಾದ ಜಾಗ ಬಿಟ್ಟಿಲ್ಲ. ನಮ್ಮ ಹಿತ್ತಲಿಗೆ ಬಿಸಿಲು ಬರುತ್ತಿಲ್ಲ, ತುಳಸಿ ಸೊರಗಿದೆ. ದೂರು ಕೊಟ್ಟೆವು, ಏನೂ ಆಗಲಿಲ್ಲ. ಇದನ್ನು ತಡೆಯಲು ಹೊಸ ವಲಯ ಬೇಕಿಲ್ಲ. ಈಗಿರುವ ಕಟ್ಟಡ ನಿಯಮಗಳೇ ಸಾಕು, ಅವನ್ನು ಜಾರಿ ಮಾಡಿದರೆ. ನಿಯಮ ಮೀರಿದವರನ್ನು ಕೇಳದೆ, ಮೀರದವರಿಗೆ ಇನ್ನೊಂದು ನಿಯಮ ತರುವುದು ಸರಿಯಲ್ಲ.

ಕೊನೆಯದಾಗಿ ಒಂದು ವಿನಂತಿ. ಕರಡು ನಿಯಮ ಪೂರ್ತಿ ಇಂಗ್ಲಿಷ್‌ನಲ್ಲಿದೆ. ವಿಷಯ ತಿಳಿಸಲು ಕರೆದ ಸಭೆ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇತ್ತು. ನೌಕರಿಗೆ ಹೋಗುವವರು, ಅಂಗಡಿ ಇಟ್ಟವರು ಯಾರೂ ಬರಲಾಗಲಿಲ್ಲ. ಎದುರು ಮನೆಯ ರಾಯರು ಆಕ್ಷೇಪಣೆ ಬರೆಯಲು ಕೂತರೆ ಅವರಿಗೆ ತಮ್ಮ ಮನೆ ಗೆರೆಯ ಒಳಗಿದೆಯೋ ಹೊರಗಿದೆಯೋ ಎಂದೇ ನಕ್ಷೆಯಲ್ಲಿ ಗೊತ್ತಾಗಲಿಲ್ಲ. ಆಕ್ಷೇಪಣೆಯ ಅವಧಿಯನ್ನು ಮುಂದೂಡಬೇಕು, ಕರಡನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಮನೆ ಮನೆಗೆ ಕೊಡಬೇಕು, ಭಾನುವಾರ ಸಂಜೆ ಬಡಾವಣೆಯಲ್ಲೇ ಸಭೆ ಕರೆಯಬೇಕು. ಅಲ್ಲಿಯವರೆಗೆ ತಮ್ಮ ಪತ್ರಿಕೆಯಾದರೂ ಅದರ ಮುಖ್ಯ ಅಂಶಗಳನ್ನು, ಬೀದಿಗಳ ಹೆಸರಿನ ಸಮೇತ, ಕನ್ನಡದಲ್ಲಿ ಪ್ರಕಟಿಸಿದರೆ ನಮಗೆಲ್ಲ ದೊಡ್ಡ ಉಪಕಾರವಾಗುತ್ತದೆ. ನನ್ನ ಬಳಿ ಇರುವ ಪ್ರತಿಯನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ತಮ್ಮ ವಿಶ್ವಾಸಿ,
ಚಾಮರಾಜಪುರಂನ ಒಬ್ಬ ಮನೆಯೊಡತಿ, ನಿವೃತ್ತ ಬ್ಯಾಂಕ್ ನೌಕರಳು
ಮೈಸೂರು